ಕೆರೆಯಂಗಳದ ಸುಣ್ಣದ ಗೂಟಗಳು

ಕೋವಿಡ್ ಮುಗಿದ ಮರುವರ್ಷದ ಬೇಸಿಗೆ. ತಾಳಗುಂದದ ಹತ್ತಿರ ನೀರಿಳಿದ ಕೆರೆಯೊಂದರ ಅಂಗಳದಲ್ಲಿ ನಾನು ಫೀಲ್ಡ್ ಅಸಿಸ್ಟೆಂಟ್ ಆಗಿದ್ದೆ. ಏಳನೇ ತರಗತಿಗೆ ಶಾಲೆ ಬಿಟ್ಟವನು. ಬೇಲಿ ಕಟ್ಟುವುದು ನನ್ನ ಮೂಲ ಕಸುಬು. ನಾನು ನೆಟ್ಟ ಗೂಟ ಅಲುಗಿತೆಂದು ಈವರೆಗೆ ಯಾರೂ ಹೇಳಿಲ್ಲ.

ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವ ಮೇಡಂ ಒಬ್ಬರು ಸೊರಬದಲ್ಲಿ ಮನೆ ಹಿಡಿದಿದ್ದರು. ಟಿಟ್ಟಿಭ ಹಕ್ಕಿ ಬರಿನೆಲದ ಮೇಲೆ ಮೊಟ್ಟೆ ಇಡುತ್ತದೆ. ಬಿಸಿಲು ಸುಡುವಾಗ ಹೊಟ್ಟೆಯ ಗರಿಯನ್ನು ನೀರಲ್ಲಿ ನೆನೆಸಿಕೊಂಡು ಬಂದು ಕೂರುತ್ತದೆ. ಎಷ್ಟು ಹೊತ್ತಿಗೊಮ್ಮೆ ಹೋಗಿಬರುತ್ತದೆ, ಎಷ್ಟು ಮರಿ ಉಳಿಯುತ್ತವೆ ಎಂದು ಬರೆಯುವುದು ನನ್ನ ಕೆಲಸ. ನೆನೆಸುವ ಹಕ್ಕಿಗಳ ಮರಿ ಹೆಚ್ಚು ಬದುಕಿದರೆ, ತಲೆಮಾರು ಕಳೆದಂತೆ ಆ ಗುಣವೇ ಊರೂರಿಗೆ ಹರಡುತ್ತದೆ. ವಿಕಾಸ ಅಂದರೆ ಇದು ಎಂದು ಮೇಡಂ ಬಿಡಿಸಿ ಹೇಳಿದ್ದರು. ಆದರೆ ಅದನ್ನು ನಂಬುವುದಲ್ಲ, ಪರೀಕ್ಷಿಸಬೇಕು ಎಂದೂ ಅಂದಿದ್ದರು.

ಬೆಳಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ, ಹಕ್ಕಿ ಬೆದರೀತೆಂದು, ಬಾಯಿ ಬಿಡುವಂತಿರಲಿಲ್ಲ. ಎಮ್ಮೆ ಮೇಯಿಸುವ ಹನುಮಂತಪ್ಪ ಏರಿ ಮೇಲಿಂದ ಕೂಗುತ್ತಿದ್ದ: “ಏನ್ರೀ ಬಸಣ್ಣ, ಹಕ್ಕಿ ನೋಡಾಕೂ ಸಂಬಳ ಕೊಡ್ತಾರೇನ್ರೀ? ನಮ್ಮ ಎಮ್ಮಿನೂ ಒಂದೀಟು ಬರ್ಕಳ್ರಿ.” ನಾನು ನೋಟ್‌ಬುಕ್ಕಿಗೆ ಬಗ್ಗುತ್ತಿದ್ದೆ. ಹದಿನೈದು ದಿನಕ್ಕೆ ಅವನೂ ಕೂಗುವುದು ಬಿಟ್ಟ. ಮನೆಯಲ್ಲೂ ಮಾತು ಕಡಿಮೆಯಾಯಿತು. “ಎಲ್ಲಾ ಹಕ್ಕಿ ಹತ್ರನೇ ಮಾತಾಡಿ ಬಂದ್ರೇನ್ರೀ?” ಎಂದು ಹೆಂಡತಿ ಕೇಳಿದಳು. ಯಾರ ಹತ್ತಿರವೂ ಆಡಿರಲಿಲ್ಲ.

ಗೂಡಿನ ಗುರುತು ಫೋನಿನ ನಕ್ಷೆಯಲ್ಲಿ ಮಾತ್ರ ಇರಬೇಕೆಂದು ಮೇಡಂ ಹೇಳಿದ್ದರು. ನನಗೆ ಫೋನಿನ ಮೇಲೆ ನಂಬಿಕೆ ಇರಲಿಲ್ಲ. ಹೂಳು ಸಾಗಿಸುವ ಟ್ರ್ಯಾಕ್ಟರ್ ಗೂಡಿನ ಮೇಲೆ ಹತ್ತಿಬಿಟ್ಟರೆ? ಅವರಿಗೆ ಹೇಳದೆ, ಹನ್ನೊಂದು ಗೂಡುಗಳ ಪಕ್ಕದಲ್ಲೂ ಮೊಣಕಾಲೆತ್ತರದ ಗೂಟ ನೆಟ್ಟು ಸುಣ್ಣ ಬಳಿದೆ. ಮೂರು ವಾರದಲ್ಲಿ ಎಂಟು ಗೂಡು ಬರಿದಾದವು. ಮುಂಗುಸಿ ಇರಬಹುದು ಎಂದು ಬರೆದೆ.

ಒಂದು ಮಧ್ಯಾಹ್ನ ಕಾಗೆಯೊಂದು ಗೂಟದ ಮೇಲೆ ಕೂತಿತು. ಟಿಟ್ಟಿಭ ಕಿರುಚಾಡಿ ಮೇಲೆರಗಿದರೂ ಇಳಿದು ಮೊಟ್ಟೆ ಒಡೆಯಿತು. ಅಲ್ಲಿಂದ ನೇರ ಮುಂದಿನ ಗೂಟಕ್ಕೆ ಹಾರಿತು. ಬರಿದಾದ ಗೂಡಿನ ಗೂಟವನ್ನೂ ಬಿಡಲಿಲ್ಲ.

ಗೂಟ ಕಿತ್ತೆಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನನ್ನ ಕೆಲಸವೂ ಉಳಿಯುತ್ತಿತ್ತು. ಮರುದಿನ ಮೊದಲ ಬಸ್ಸಿಗೆ ಸೊರಬಕ್ಕೆ ಹೋದೆ.

“ಮೇಡಂ, ನಾನು ಗೂಟ ನೆಟ್ಟಿದ್ದೆ. ಕಾಗಿ ಅದನ್ನ ಕಲ್ತೈತ್ರಿ.”

ಅವರು ನೋಟ್‌ಬುಕ್ ತಿರುವುತ್ತಲೇ ಇದ್ದರು. “ಹೇಳದೇ ಇದ್ದಿದ್ರೆ ಮುಂಗುಸಿ ತಿಂದ ಮೊಟ್ಟೆ ಅಂತ ಲೆಕ್ಕಕ್ಕೆ ಸೇರಿಸಿಬಿಡ್ತಿದ್ದೆ. ಈ ವರ್ಷದ್ದು ಪೂರ್ತಿ ಹೋಯ್ತು, ಬಸಣ್ಣ.”

“ನನ್ನ ತೆಗೀತೀರೇನ್ರೀ?”

“ಮೊದ್ಲು ಇದನ್ನ ಬರೀರಿ, ತಾರೀಖು ಹಾಕಿ. ನಿಮ್ಮನ್ನ ತೆಗೆದ್ರೆ ಉಳಿದ ಗೂಡಿಗೆ ನಾನು ಹೋಗಿ ಕೂರ್ಲಾ?”

ಗೂಟ ನೆಟ್ಟವನು ನಾನೇ ಎಂದು ಬರೆದು ಸಹಿ ಹಾಕಿದೆ. ಅಂದೇ ಎಲ್ಲ ಗೂಟ ಕಿತ್ತೆ. ಆದರೆ ಕಾಗೆ ಈಗ ನಾನು ಕೂತ ಕಡೆಗೇ ಬಂತು. ನಾನಿದ್ದಲ್ಲಿ ಮೊಟ್ಟೆ ಇರುತ್ತದೆಂದು ಅದಕ್ಕೆ ಗೊತ್ತಾಗಿತ್ತು. ಅಷ್ಟು ದಿನ ನನ್ನನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದೆ. ಅದೊಂದು ನೋಡುತ್ತಿತ್ತು.

ಕಾಗೆಗೆ ಗೂಡಿನ ಸುಳಿವು ಸಿಗದಿರಲೆಂದು ಕೂರುವ ಜಾಗವನ್ನು ಏರಿಗೆ ಬದಲಿಸಿದೆ, ಆಮೇಲೆ ಏರಿಯ ಆಚೆ ತುದಿಗೆ. ಅಲ್ಲಿಂದ ಬೈನಾಕ್ಯುಲರಿನಲ್ಲೂ ಹಕ್ಕಿ ಒಂದು ಚುಕ್ಕೆ. ಒಂದು ಬೆಳಗ್ಗೆ ಆ ಚುಕ್ಕೆಯ ಹಿಂದೆ ಸಣ್ಣ ಚುಕ್ಕೆಗಳು ಓಡಿದವು. ಮರಿ ಎಷ್ಟೆಂದು ಎಣಿಸಲು ಆಗಲಿಲ್ಲ. ಹತ್ತಿರ ಹೋಗಿ ನೋಡಲು ಕಾಲು ಎದ್ದಿತು, ಹಿಡಿದು ಕೂರಿಸಿದೆ. ಮೈ ಬಗ್ಗಿಸಿ ಮುಟ್ಟಿ ಮಾಡಿದ್ದೇ ದುಡಿಮೆ ಎಂದು ತಿಳಿದಿದ್ದ ನನಗೆ, ಎದ್ದು ಹೋಗದೆ ಇರುವುದೂ ದುಡಿಮೆಯೇ ಎಂದು ಗೊತ್ತಾಗಿದ್ದು ಆ ಬೆಳಗ್ಗೆ.