ಇಲಿಗಳು ಹೇಳಿದ್ದು

ನನಗೆ ಸಂಶೋಧನೆ ಕಲಿಸಿದ ಮೇಡಂ ಅಜ್ಜಂಪುರದವರು. ಅವರು ಸಿಕ್ಕಿದ್ದು ನನ್ನ ಪುಣ್ಯ. ಪ್ರಯೋಗಾಲಯದಲ್ಲಿ ಎಲ್ಲರೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಅವರು ಪಕ್ಕದ ಕಡೂರಿನವಳಾದ ನನ್ನೊಡನೆ ಮಾತ್ರ ಊರ ಮಾತು ಆಡುತ್ತಿದ್ದರು. ಇಲಿಯನ್ನು ಎತ್ತಿಕೊಳ್ಳುವ ಮುನ್ನ ಗವಸು ತೊಟ್ಟ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಯಾವ ಅನುಮಾನ ಕೇಳಿದರೂ, "ಇಲಿ ಸುಳ್ಳು ಹೇಳಲ್ಲ ಕಣೇ" ಎನ್ನುತ್ತಿದ್ದರು.

ಪ್ಲೇಗ್ ತಗುಲಿದ ಇಲಿಗಳಿಗೆ ಎರಡು ಆಂಟಿಬಯೋಟಿಕ್ ಸೇರಿಸಿ ಕೊಟ್ಟರೆ ಇನ್ನೂ ಚೆನ್ನಾಗಿ ಗುಣವಾದೀತೇ ಎಂದು ನಾವು ನೋಡುತ್ತಿದ್ದೆವು. ಹಾಗಾಗಲಿಲ್ಲ. ಬೇಗ ಶುರುಮಾಡಿದರೆ ಒಂದೇ ಔಷಧಿಯಲ್ಲೂ ಅಷ್ಟೇ ಇಲಿಗಳು ಉಳಿದವು. ನನಗೆ ತುಂಬ ನಿರಾಸೆಯಾಗಿತ್ತು.

ಒಂದು ಬೆಳಿಗ್ಗೆ ಇಲಿಗೆ ಪ್ಲೇಗಿನ ರೋಗಾಣು ಕೊಡುತ್ತಿದ್ದ ಸೂಜಿ ನನ್ನ ಬೆರಳಿಗೇ ಚುಚ್ಚಿತು. ಕೂಡಲೇ ಮೇಡಂ ಅವರನ್ನು ಕೂಗಿದೆ. ಆಸ್ಪತ್ರೆಯಲ್ಲಿ ವೈದ್ಯರು ಒಂದೇ ಬಗೆಯ ಮಾತ್ರೆ ಬರೆದರು.

"ಎರಡೂ ಕೊಡ್ಸಿ ಮೇಡಂ," ಎಂದು ಅಳುತ್ತ ಕೇಳಿದೆ.

ಅವರು ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. "ನೀನೇ ಕಣ್ಣಾರೆ ನೋಡಿದೀಯ. ಬೇಗ ಕೊಟ್ರೆ ಒಂದೇ ಸಾಕು ಅಂತ ಇಲಿಗಳು ಹೇಳ್ಲಿಲ್ವಾ? ಈಗ ನಂಬು."

ನಂಬಿ ನುಂಗಿದೆ.

ನನ್ನನ್ನು ನಿಗಾದಲ್ಲಿ ಇಟ್ಟಿದ್ದಷ್ಟು ದಿನವೂ ಅವರು ಮಾಸ್ಕ್ ಹಾಕಿಕೊಂಡು ಬಂದು ಕೂರುತ್ತಿದ್ದರು. ಥರ್ಮಾಮೀಟರ್ ಇದ್ದರೂ ಹಣೆ ಮುಟ್ಟಿ ನೋಡುತ್ತಿದ್ದರು. ಜ್ವರ ಬರಲೇ ಇಲ್ಲ.

ಮನೆಗೆ ಕಳಿಸುವ ದಿನ ಕಡೂರಿನಿಂದ ರೈಲು ಹತ್ತಿ ಬಂದ ಅಮ್ಮ ಅವರ ಕೈ ಹಿಡಿದುಕೊಂಡಳು. "ಪ್ಲೇಗ್ ಅಂದ್ರೆ ಹಿಂದೆ ಊರೇ ಬಿಟ್ಟು ಹೋಗ್ತಿದ್ರಂತೆ. ನಿಮಗೆ ಹೆದ್ರಿಕೆ ಆಗ್ಲಿಲ್ವಾ ತಾಯಿ?"

"ಆಗಿತ್ತು ಕಣ್ರಮ್ಮಾ," ಎಂದರು ಮೇಡಂ. "ಇವಳಿಗೆ ನನಗಿಂತ ಜಾಸ್ತಿ ಆಗಿತ್ತಲ್ಲ, ಅದಕ್ಕೇ ಕೂತೆ."