ತೂತು ಬಿದ್ದ ಕೊಡ

ಆಗ ನನಗೆ ಇಪ್ಪತ್ತೆಂಟು ಇದ್ದೀತು. ನಲವತ್ತು ವರ್ಷದ ಮೇಲಾಯಿತು. ಹುಟ್ಟಿದ ದಿನ ಯಾರೂ ಬರೆದಿಡಲಿಲ್ಲ, ಒಂದೆರಡು ವರ್ಷ ಹಿಂದೆ ಮುಂದೆ ಆದರೆ ಆಗಲಿ.

ಮೊದಲು ಬಂದದ್ದು ನನ್ನ ಕಾಲಿಗೆ. ಬಲಗಾಲಿನ ಹಿಮ್ಮಡದ ಮೇಲೆ ಒಂದು ಗುಳ್ಳೆ. ಕೆಂಡ ಒಳಗಿಟ್ಟು ಹೊಲಿದಂಥ ಉರಿ. ಗುಳ್ಳೆ ಒಡೆದು ಬಿಳಿ ದಾರದ ತುದಿಯೊಂದು ಹೊರಗೆ ಇಣುಕಿತು.

ನಾರುಹುಣ್ಣು.

ಈಗಿನವರಿಗೆ ಅದು ಗೊತ್ತಿಲ್ಲ, ಗೊತ್ತಿಲ್ಲದ್ದೇ ಚಲೋ. ಅದು ದಾರವಲ್ಲ, ಹುಳ. ತೋಳುದ್ದ ಇರುತ್ತದೆ, ಮೈಯೊಳಗೇ ಬೆಳೆದಿರುತ್ತದೆ. ಜೋರು ಮಾಡಿ ಎಳೆದರೆ ಬರುವುದಿಲ್ಲ, ಹರಿಯುತ್ತದೆ. ಹರಿದರೆ ಒಳಗೆ ಉಳಿದ ತುಂಡು ಕೊಳೆತು ಕಾಲು ಕಂಬದಂತೆ ಬಾಯುತ್ತದೆ. ಅದಕ್ಕೇ ತುದಿಯನ್ನು ಕಸ ಹೊಡೆಯುವ ಬಾರಿಗೆಯ ಕಡ್ಡಿಗೆ ಸುತ್ತಿ, ಕಡ್ಡಿಯನ್ನು ಕಾಲಿಗೆ ಅರಿವೆಯಿಂದ ಕಟ್ಟಿ, ದಿನಕ್ಕೊಂದು ಸುತ್ತು ತಿರುವುತ್ತಾ ಹೋಗಬೇಕು. ಬೇಸಿಗೆ ಬಂತೆಂದರೆ ನಮ್ಮ ಊರಲ್ಲಿ ಮನೆಗೊಬ್ಬರು ಹೀಗೆ ಕಡ್ಡಿ ಕಟ್ಟಿಕೊಂಡು ಕುಂಟುತ್ತಿದ್ದರು. ಬಾವಿಯ ಮೆಟ್ಟಿಲು ಇಳಿದು ನೀರಲ್ಲಿ ಕಾಲಿಟ್ಟರೆ ಉರಿ ಇಳಿಯುತ್ತಿತ್ತು. ಎಲ್ಲರೂ ಇಡುತ್ತಿದ್ದೆವು. ಅದೇ ನೀರು ಕೊಡಕ್ಕೆ ತುಂಬಿಕೊಂಡು ಮೇಲೆ ಬರುತ್ತಿದ್ದೆವು.

ನಮ್ಮ ಊರು ದೇವದುರ್ಗದ ಹತ್ತಿರ. ಗಂಡ ಮಾನ್ವಿ ಕಡೆಗೆ ಭತ್ತ ಕೊಯ್ಯುವ ಕೂಲಿಗೆ ಹೋಗಿದ್ದ. ಮನೆಯಲ್ಲಿ ನಾನು, ಅತ್ತೆ ತಿಪ್ಪಮ್ಮ, ನನ್ನ ಕೂಸು ಹುಲಿಗಿ. ಹುಲಿಗಿಗೆ ವರ್ಷ ತುಂಬಿತ್ತು. ಗೋಡೆ ಹಿಡಿದು ನಿಲ್ಲುತ್ತಿದ್ದಳು, ನಡಿಗೆ ಬಂದಿರಲಿಲ್ಲ.

ನಾರು ಅರ್ಧ ಹೊರಗೆ ಬಂದಿತ್ತು. ಆಗ ಕೂಸಿಗೆ ಭೇದಿ ಹತ್ತಿತು.

"ಹಲ್ಲು ಬರಾಕತ್ತಾವ, ಅದಕ್ಕ" ಅಂದಳು ಅತ್ತೆ.

ಹಲ್ಲಲ್ಲ. ಮಾರನೇ ದಿನಕ್ಕೆ ಅಕ್ಕಿ ತೊಳೆದ ನೀರಿನಂತೆ ಹೋಗತೊಡಗಿತು. ಜೊತೆಗೆ ವಾಂತಿ. ಕಣ್ಣು ಒಳಗೆ ಹೋದವು. ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಅಳುತ್ತಿದ್ದಳು, ಕಣ್ಣೀರಿರಲಿಲ್ಲ. ದೇವದುರ್ಗಕ್ಕೆ ಹೊತ್ತು ತಂದೆವು. ಅಲ್ಲಿಯ ಡಾಕ್ಟರ್ ಕೈ ನೋಡಿದ, ಕಾಲು ನೋಡಿದ, ಸೂಜಿ ಕೆಳಗಿಟ್ಟ.

"ನರ ಸಿಗವಲ್ದವ್ವ. ಕೂಸು ಪೂರಾ ಒಣಗೇದ. ರಾಯಚೂರಿಗೆ ಒಯ್ಯಿ. ನಾಳಿ ಅನಬ್ಯಾಡ, ಈ ಬಸ್ಸಿಗೇ ಹೋಗು."

ಒಣಗೇದ. ಮೆಣಸಿನಕಾಯಿಗೆ ಅನ್ನುವ ಮಾತು ಕೂಸಿಗೆ ಅಂದ.

ರಾಯಚೂರು ಅಂದರೆ ನಮ್ಮತ್ತೆಗೆ ಹೆದರಿಕೆ. ಆ ಊರಾಗ ಕಲ್ಲೂ ಬೆವರತಾವ ಅನ್ನುತ್ತಿದ್ದಳು. ಎಳೆಕೂಸಿಗೆ ಪರಊರಿನ ನೀರು ಆಗಿಬರುವುದಿಲ್ಲ ಎಂದು ಊರಿಂದ ಹೊರಡುವಾಗಲೇ ದೊಡ್ಡ ಹಿತ್ತಾಳೆ ತಂಬಿಗೆಯಲ್ಲಿ ನಮ್ಮ ಬಾವಿಯ ನೀರು ತುಂಬಿ, ಬಾಯಿಗೆ ಬಟ್ಟಲು ಬೋರಲು ಹಾಕಿ, ಅರಿವೆ ಬಿಗಿದು ತಂದಿದ್ದಳು. ಬಸ್ಸಿನಲ್ಲಿ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಳು. ನಾನು ಕೂಸನ್ನು ತಬ್ಬಿಕೊಂಡು ಕೂತೆ.

"ಯವ್ವಾ, ತಂಬಿಗಿ ಕೆಳಗಿಡು, ಚೆಲ್ಲತದ" ಅಂದ ಕಂಡಕ್ಟರ್.

"ನನ್ನ ಪ್ರಾಣ ಚೆಲ್ಲಿದ್ರೂ ಇದು ಚೆಲ್ಲಂಗಿಲ್ಲ. ನೀ ಗಂಟಿ ಹೊಡಿ."

ಕಿಟಕಿಯಿಂದ ಬರುವುದು ಗಾಳಿಯಲ್ಲ, ಒಲೆಯ ಉಸಿರು. ಸೀಟಿನ ತಗಡು ಮುಟ್ಟಿದರೆ ಸುಡುತ್ತಿತ್ತು. ಹುಲಿಗಿ ತಂಬಿಗೆ ನೋಡಿ ಕೈ ಚಾಚುತ್ತಿದ್ದಳು. ಅತ್ತೆ ಸೆರಗಿನ ತುದಿ ಒದ್ದೆ ಮಾಡಿ ತುಟಿಗೆ ಸವರುವಳು, ಅಷ್ಟೇ. ಭೇದಿಯಾದ ಕೂಸಿಗೆ ನೀರು ಕೊಡಬಾರದು, ಕೊಟ್ಟಷ್ಟೂ ಹರಿಯುತ್ತದೆ. ಹಾಗೆಂದು ನಮ್ಮಲ್ಲಿ ಎಲ್ಲರೂ ತಿಳಿದಿದ್ದರು. ಆದರೆ ಆ ಕೈ ನೋಡಲು ಆಗಲಿಲ್ಲ. ತಂಬಿಗೆ ಕಸಿದುಕೊಂಡು ಒಂದು ಬಟ್ಟಲು ಕುಡಿಸಿದೆ. ಗಟಗಟ ಕುಡಿದಳು. ಕುಡಿದದ್ದಷ್ಟನ್ನೂ ಪಕ್ಕದಲ್ಲಿ ಕೂತ ಮುದುಕನ ಧೋತರದ ಮೇಲೆ ಕಕ್ಕಿದಳು.

"ಇರ್ಲಿ ಬಿಡವ್ವ. ಈ ಬಿಸಲಿಗೆ ಈಗ ಒಣಗತದ" ಅಂದ ಮುದುಕ.

"ನೋಡಿದಿ? ನಾ ಏನಂದೆ?" ಅಂದಳು ಅತ್ತೆ, ತಂಬಿಗೆಯ ಬಾಯಿ ಮತ್ತೆ ಬಿಗಿದಳು. ಕಣ್ಣಾರೆ ಕಂಡದ್ದಕ್ಕೆ ಏನು ಎದುರಾಡಲಿ?

ರಾಯಚೂರಿಗೆ ಮೊದಲು ಸಿಗುವ ಕಲ್ಮಲ ಊರು ಇನ್ನೂ ದೂರವಿರುವಾಗ ಬಸ್ಸು ನಿಂತಿತು. ಮುಂದಿನಿಂದ ಹಬೆ. ಇಂಜಿನ್ ಕಾದಿತ್ತು. ಡ್ರೈವರ್ ಒಳಗೆ ಬಂದು, "ಯಾರತ್ರ ನೀರದಾವ್ರಿ? ಇಂಜಿನ್ನಿಗಿ ಬೇಕು" ಅಂದ. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಕೊಟ್ಟರು. ಅತ್ತೆ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿದಳು.

"ಇಂಜಿನ್ನಿಗೂ ನೀರು ಬೇಕಂತ, ಅತ್ತಿ" ಅಂದೆ.

"ಇಂಜಿನ್ನಿಗಿ ಭೇದಿ ಹತ್ತೇದೇನು? ಸುಮ್ನ ಕುಂದ್ರು."

ಜನರೆಲ್ಲ ನಕ್ಕರು. ಬಂದ ನೀರು ಸಾಲಲಿಲ್ಲ. ಕಂಡಕ್ಟರ್ ಡಬ್ಬಿ ಹಿಡಿದು ಹೊಲದ ಬಾವಿ ಹುಡುಕಿಕೊಂಡು ಹೋದ. ಕಾದೆವು. ಗಿಡವಿಲ್ಲ, ನೆರಳಿಲ್ಲ. ಬಸ್ಸಿನ ನೆರಳಲ್ಲೇ ಎಲ್ಲರೂ ಒತ್ತಿಕೊಂಡು ಕೂತರು.

ಹುಲಿಗಿ ಅಳುವುದು ನಿಂತಿತು.

ಅಲ್ಲಿವರೆಗೆ ಅವಳ ಅಳು ನನಗೆ ಕಿರಿಕಿರಿಯಾಗಿತ್ತು, ನಿಜ ಹೇಳುತ್ತೇನೆ. ನಿಂತ ಮೇಲೆ ತಿಳಿಯಿತು, ಅದೊಂದೇ ನನಗೆ ಧೈರ್ಯ ಕೊಡುತ್ತಿದ್ದದ್ದು ಎಂದು. ಕರೆದರೆ ಕಣ್ಣು ತೆರೆಯಲಿಲ್ಲ. ಬಾಯಿ ಒಣಗಿದ ತೊಗಲಿನಂತಾಗಿತ್ತು. ಕಲ್ಮಲದಲ್ಲಿ ಸಿರವಾರದ ದಾರಿ ಬಂದು ಕೂಡುತ್ತದೆ, ಅಲ್ಲಿ ಬೇರೆ ಗಾಡಿ ಸಿಕ್ಕೀತು. ಕೂಸನ್ನು ಟೊಂಕಕ್ಕೆ ಏರಿಸಿಕೊಂಡು ನಡೆಯತೊಡಗಿದೆ.

"ಏ ದುರ್ಗೀ! ನಾರು ಹರೀತದ ಬೇ! ಕಾಲು ಕಳಕೋತಿ!" ಅತ್ತೆ ತಂಬಿಗೆ ಹೊತ್ತುಕೊಂಡು ಹಿಂದೆಯೇ ಓಡಿ ಬಂದಳು.

ಡಾಂಬರು ಕರಗಿ ಅಂಗಾಲಿಗೆ ಹತ್ತುತ್ತಿತ್ತು. ನಾನು ಬಲಗಾಲನ್ನು ಎಳೆದೆಳೆದು ಇಡುತ್ತಿದ್ದೆ. ಕಟ್ಟಿದ ಅರಿವೆ ಬೆವರಿಗೆ ಸಡಿಲಾಗಿ ಕಡ್ಡಿ ಕೆಳಗೆ ಜೋತು ಬಿತ್ತು. ಬಗ್ಗಿ ಕಟ್ಟಿಕೊಳ್ಳಬೇಕೆಂದರೆ ಕೂಸನ್ನು ಕೆಳಗಿಡಬೇಕು. ಆ ಡಾಂಬರಿನ ಮೇಲೆ ಎಲ್ಲಿ ಇಡಲಿ? ಹಾಗೇ ನಡೆದೆ. ಇನ್ನೊಂದು ಕಾಲು ಕಡ್ಡಿಯನ್ನು ಮೆಟ್ಟಿತು.

ನಾರು ಹರಿಯಿತು.

ಮೊದಲು ತಣ್ಣಗೆ ಅನಿಸಿತು. ಆಮೇಲೆ ಮೊಣಕಾಲತನಕ ಉರಿ ಏರಿತು. ಕಡ್ಡಿ ದಾರಿಯಲ್ಲೇ ಬಿದ್ದಿತ್ತು. ಅತ್ತೆ ಅದನ್ನು ನೋಡಿದಳು, ನನ್ನ ಮುಖ ನೋಡಿದಳು. ಹಿಂದೆ ಇನ್ನೂ ಬಸ್ಸಿನ ಸದ್ದಿರಲಿಲ್ಲ. ಕಲ್ಮಲ ಮುಟ್ಟಿದಾಗ ಸಿರವಾರದಿಂದ ಭತ್ತದ ಚೀಲ ಹೇರಿಕೊಂಡ ಲಾರಿ ಬಂತು. ಅತ್ತೆ ರಸ್ತೆಯ ನಟ್ಟನಡುವೆ ತಂಬಿಗೆ ಎತ್ತಿ ಹಿಡಿದು ನಿಂತುಬಿಟ್ಟಳು. ಲಾರಿಯವ ಬೈಯಲು ಬಾಯಿ ತೆರೆದವನು ಕೂಸು ಕಂಡು ಬಾಗಿಲು ತೆಗೆದ. "ಬೈಠೋ ಅಮ್ಮಾ, ಜಲ್ದಿ" ಅಂದ.

ರಾಯಚೂರಿನ ದೊಡ್ಡ ದವಾಖಾನೆ. ಡಾಕ್ಟರ್ ಒಬ್ಬಳು ವಯಸ್ಸಿನ ಹುಡುಗಿ, ಮೈಸೂರು ಕಡೆಯ ಮಾತು. "ಸಿವಿಯರ್ ಡಿಹೈಡ್ರೇಶನ್" ಅಂದಳು ನರ್ಸಿಗೆ. ಕೈಯಲ್ಲಿ ನರ ಸಿಗಲಿಲ್ಲ, ಕಾಲಲ್ಲೂ ಇಲ್ಲ. ಕೊನೆಗೆ ತಲೆ ಮುಟ್ಟಿ ನೋಡಿ, "ಇಲ್ಲಿ ಕೂದಲು ತೆಗೀರಿ" ಅಂದಳು.

ಅತ್ತೆ ಅಡ್ಡ ನಿಂತಳು. ಕೂಸಿನ ಜವಳ ಆಗಿರಲಿಲ್ಲ. ಹುಟ್ಟುಗೂದಲನ್ನು ದೇವಸುಗೂರಿನ ಸೂಗೂರೇಶ್ವರನಿಗೆ ಹರಕೆ ಹೊತ್ತಿದ್ದಳು.

"ಅದು ದೇವರ ಕೂದಲವ್ವಾ! ಕತ್ತಿ ಮುಟ್ಟಿಸಬ್ಯಾಡ್ರಿ!"

"ಅಜ್ಜಿ, ಸಲಾಯಿನ್ ಹೋಗದಿದ್ರೆ ಮಗು ಉಳಿಯಲ್ಲ" ಅಂದಳು ಡಾಕ್ಟರ್.

"ತಗೀರಿ" ಅಂದೆ ನಾನು. "ದೇವರ ಹತ್ರ ನಾ ಮಾತಾಡ್ತೀನಿ."

ಕಿವಿಯ ಮೇಲೆ ಅರ್ಧ ತಲೆ ಬೋಳಿಸಿದರು. ತಲೆಗೆ ಸೂಜಿ ಚುಚ್ಚಿದರು.

ಹುಲಿಗಿ ಅಳಲಿಲ್ಲ.

ಅತ್ತೆ ನೆಲದ ಮೇಲೆ ಬಿದ್ದ ಕೂದಲನ್ನು ಒಂದೊಂದೇ ಆಯ್ದು ಸೆರಗಿಗೆ ಗಂಟು ಹಾಕಿಕೊಂಡಳು. ಗಾಜಿನ ಬಾಟಲಿಯಿಂದ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ನಾನು ಅದನ್ನೇ ನೋಡುತ್ತಾ ಗೋಡೆಗೆ ಒರಗಿ ಕೂತೆ. ಒಂದು ಹನಿ ತಡವಾದರೆ ನನ್ನ ಉಸಿರು ನಿಲ್ಲುತ್ತಿತ್ತು.

"ಯಾಕಮ್ಮ, ಮಗೂಗೆ ನೀರೇ ಕೊಟ್ಟಿಲ್ವ?" ಡಾಕ್ಟರ್ ಕೇಳಿದಳು.

ಅತ್ತೆ ಉತ್ತರ ಕೊಟ್ಟಳು: "ಭೇದಿ ಹತ್ತಿದ ಕೂಸಿಗಿ ಯಾರಾರ ನೀರು ಹಾಕತಾರೇನು? ತೂತು ಬಿದ್ದ ಕೊಡಕ್ಕ ನೀರು ತುಂಬತೀಯೇನವ್ವ ನೀನು?"

"ತುಂಬದೇ ಬಿಟ್ರೆ ಆ ಕೊಡ ಖಾಲಿ ಆಗೋದಿಲ್ವ ಅಜ್ಜಿ?"

ನಮ್ಮತ್ತೆಗೆ ಮಾತು ಕಟ್ಟಿದ್ದನ್ನು ನಾನು ಮೊದಲ ಸಲ ಕಂಡೆ. ಸೊಸೆಯಾಗಿ ಬಂದಾಗಿನಿಂದ ಆ ದಿನಕ್ಕೇ ಕಾದಿದ್ದೆ. ಆದರೆ ಅವತ್ತು ಖುಷಿಯಾಗಲಿಲ್ಲ.

"ಗಟಗಟ ಕುಡಿಸಿದ್ರೆ ಕಕ್ಕುತ್ತೆ" ಅಂದಳು ಡಾಕ್ಟರ್. "ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಒಂದು ಚಿಟಿಕೆ ಉಪ್ಪು. ಒಂದು ಚಮಚ ಕೊಡಿ. ಕಕ್ಕಿದ್ರೆ ಸ್ವಲ್ಪ ತಡೆದು ಮತ್ತೆ ಒಂದು ಚಮಚ. ಬೇಜಾರು ಮಾಡ್ಕೋಬೇಡಿ."

ಬಸ್ಸಿನಲ್ಲಿ ನಾನು ಬಟ್ಟಲು ಕೊಟ್ಟಿದ್ದೆ. ಕೊಡಬೇಕಾದದ್ದು ಚಮಚ. ಇಷ್ಟೇ ಇಷ್ಟು ಅಂತರ.

ಕೂಸು ಕಣ್ಣು ತೆರೆದ ಮೇಲೆ ಆ ಉಪ್ಪುಸಕ್ಕರೆ ನೀರು ಕಲಸಲು ನರ್ಸ್ ಬಂದಳು. ಅತ್ತೆ ತಂಬಿಗೆ ಮುಂದೆ ಮಾಡಿದಳು. "ನಮ್ಮೂರ ನೀರು ತಂದೀನ್ರಿ ಅಕ್ಕೋರ. ಇದ್ರಾಗ ಕಲಸ್ರಿ, ಕೂಸಿಗಿ ಇದು ರೂಢಿ ಅದ." ನರ್ಸ್ ನನ್ನ ಕಾಲು ನೋಡಿದಳು. ಅಷ್ಟೊತ್ತಿಗೆ ಅದು ಬಾತು ಮಿಂಚುತ್ತಿತ್ತು. ಏನೋ ಯೋಚಿಸಿ, ತಂಬಿಗೆಯ ನೀರನ್ನು ಒಂದು ಖಾಲಿ ಸಲಾಯಿನ್ ಬಾಟಲಿಗೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದಳು.

"ಅಜ್ಜೀ, ಇಲ್ಲಿ ನೋಡ್ರಿ."

ನೀರಲ್ಲಿ ಹಿಟ್ಟಿನ ಕಣದಂಥವು ಕುಪ್ಪಳಿಸುತ್ತಿದ್ದವು. ನಿಂತವು, ಮತ್ತೆ ಕುಪ್ಪಳಿಸಿದವು.

"ನಾರು ಇದ್ದೋರು ಬಾವ್ಯಾಗ ಕಾಲಿಟ್ಟರ ನಾರು ಅಲ್ಲೇ ಮರಿ ಬಿಡ್ತದ. ಆ ಮರಿನ ಇವು ತಿಂತಾವ. ಇವನ್ನ ನೀವು ಕುಡೀತೀರಿ. ಮುಂದಿನ ಬ್ಯಾಸಗಿಗಿ ನಿಮ್ಮ ಕಾಲಾಗ ನಾರು. ಭೇದಿನೂ ಇಂಥ ನೀರಿಂದಾನ ಬರೋದು. ಇನ್ನ ಬಾವ್ಯಾಗ ಇಳೀಬ್ಯಾಡ್ರಿ, ಮ್ಯಾಲಿಂದ ಸೇದಿ ಅರಿವ್ಯಾಗ ಸೋಸಿ ಕುಡೀರಿ."

ಅತ್ತೆ ಬಾಟಲಿಗೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದಳು. "ನಾ ಸೋಮವಾರ ಒಪ್ಪತ್ತು ಇರ್ತೀನಿ" ಅಂದಳು. "ಮಾಂಸದ ವಾಸನೀನೂ ಹಚ್ಚಿಕೊಳ್ಳಂಗಿಲ್ಲ. ಆವತ್ತೂ ಇವನ್ನ ಕುಡದೀನೇನು?"

ನರ್ಸಿಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ತಂಬಿಗೆ ತೆಗೆದುಕೊಂಡು ಹೋಗಿ ಮೋರಿಗೆ ಸುರಿದು ಬಂದಳು. ಊರಿಂದ ಅಲ್ಲಿವರೆಗೆ ಒಂದು ಹನಿ ಚೆಲ್ಲದೆ ತಂದ ನೀರು.

ಮಾರನೇ ದಿನ ಬೆಳಕು ಹರಿದ ಮೇಲೆ ಹುಲಿಗಿ ಅತ್ತೆಯ ತೊಡೆಯ ಮೇಲೆ ಉಚ್ಚೆ ಹೊಯ್ದಳು.

"ಹೊಯ್ಯವ್ವ, ಹೊಯ್ಯಿ ನನ್ನ ಬಂಗಾರಾ" ಅಂದಳು ಅತ್ತೆ. ಒದ್ದೆ ಸೀರೆಯಲ್ಲೇ ಕೂತಿದ್ದಳು, ಏಳಲಿಲ್ಲ. ಡಾಕ್ಟರ್ ಬಂದು ಕೇಳಿದ ಮೊದಲ ಮಾತೂ ಅದೇ, ಉಚ್ಚೆ ಹೊಯ್ದಿತಾ ಅಂತ. ಹೊಯ್ದಿತು ಅಂದಾಗ ಅವಳೂ ಉಸಿರು ಬಿಟ್ಟಳು.

ಕೂಸು ಗುಣವಾಯಿತು. ನಾನು ಬಿದ್ದೆ. ಕಾಲು ಸೆಪ್ಟಿಕ್ ಆಗಿತ್ತು. ಜ್ವರದಲ್ಲಿ ಏನೇನೋ ಬಡಬಡಿಸಿದೆನಂತೆ. ಚಾಕು ಹಾಕಿ ಕೀವು ತೆಗೆದರು, ಮತ್ತೊಮ್ಮೆ ಹಾಕಿದರು. ಕಾಲು ತೆಗೆಯಬೇಕಾದೀತು ಎಂದು ಆಡಿಕೊಂಡದ್ದು ಕಿವಿಗೆ ಬಿತ್ತು. ದಿನಾ ಬ್ಯಾಂಡೇಜ್ ಬಿಚ್ಚುವಾಗ ನಾನು ಬೇಡ ಬೇಡ ಅಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ತೆಗೆಯಲಿಲ್ಲ. ಮಾನ್ವಿಯಿಂದ ಗಂಡ ಓಡಿ ಬಂದ, ಮಂಚದ ಕಾಲ ಬಳಿ ನಿಂತು, "ಬಸ್ಸು ರಿಪೇರಿ ಆಗೂತನ ತಡೀಬೇಕಿತ್ತಲ್ಲ" ಅಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವನಿಗೆ ಹೇಳಿದಳು: "ನೀ ಅಲ್ಲಿದ್ದಿಯೇನು? ಬಾಯಿ ಮುಚ್ಚು."

ಹುಲಿಗಿ ನಡಿಗೆ ಕಲಿತದ್ದು ಆ ವಾರ್ಡಿನಲ್ಲೇ, ಮಂಚದ ಸರಳು ಹಿಡಿದುಕೊಂಡು. ನಾನೂ ಅದೇ ಸರಳು ಹಿಡಿದು ಮತ್ತೆ ಕಲಿತೆ. ಅವಳು ಮೊದಲು ಕೈ ಬಿಟ್ಟಳು. ನನ್ನ ಕಾಲು ಪೂರಾ ನೆಟ್ಟಗಾಗಲಿಲ್ಲ, ಈಗಲೂ ಹಿಮ್ಮಡ ನೆಲಕ್ಕೆ ಮುಟ್ಟುವುದಿಲ್ಲ. ಅದರ ಬಗ್ಗೆ ನನಗೆ ದುಃಖವಿಲ್ಲ. ಮಗಳು ಇದ್ದಾಳೆ, ಮಗಳಿಗೆ ಮಕ್ಕಳಿದ್ದಾರೆ, ಕಾಲು ಕುಂಟಿಕೊಂಡು ಅಷ್ಟಕ್ಕೆಲ್ಲ ಸಾಕಾಗಿದೆ. ಉಳಿದರ್ಧ ತಲೆಯ ಜವಳವನ್ನು ಮುಂದೆ ಸೂಗೂರೇಶ್ವರನಿಗೆ ಕೊಟ್ಟೆವು. ಆಯ್ದಿಟ್ಟ ಗಂಟನ್ನೂ ಅದರ ಜೊತೆಗೇ ಇಟ್ಟೆವು. ಅವನೇನೂ ತಕರಾರು ಮಾಡಲಿಲ್ಲ.

ದವಾಖಾನೆಯಿಂದ ಬಿಟ್ಟು ಊರು ಮುಟ್ಟಿದಾಗ ಸಂಜೆಯಾಗಿತ್ತು. ಮಾರನೇ ದಿನ ಬೆಳಿಗ್ಗೆ ಕೊಡ, ಹಗ್ಗ, ಬಕೆಟ್ ತೆಗೆದುಕೊಂಡು ಬಾವಿಗೆ ಹೊರಟೆ. ಅತ್ತೆ ತನ್ನ ಹಳೇ ಸೀರೆ ಹರಿದು ಮಡಚಿ ಕೈಗೆ ಕೊಟ್ಟಳು.

"ಎರಡು ಪದರ ಹಾಕು. ಇವತ್ತು ಸೋಮವಾರ."

ಬಾವಿಯಲ್ಲಿ ಹೆಂಗಸರು ಮೆಟ್ಟಿಲಿಳಿದು ನೀರಲ್ಲಿ ನಿಂತಿದ್ದರು. "ಏ ದುರ್ಗೀ, ಪ್ಯಾಟಿ ಹೆಂಗಸಾದೇನು? ಇಳದು ಬಾರಬೇ, ಕಾಲು ತಂಪು ಮಾಡ್ಕೋ" ಅಂದರು. ನಾನು ಇಳಿಯಲಿಲ್ಲ. ಮೇಲಿನ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಹಗ್ಗದಿಂದ ನೀರು ಸೇದಿದೆ. ಕೊಡದ ಬಾಯಿಗೆ ಅರಿವೆ ಕಟ್ಟಿ ಸೋಸಿದೆ. ಬಿಚ್ಚಿ ನೋಡಿದರೆ ಅರಿವೆಯ ಮೇಲೆ ಅವೇ, ಹಿಟ್ಟಿನಂಥವು, ಮಿಸುಕುತ್ತಿದ್ದವು. ಬಿಸಿಲಿಗೆ ಕಾದ ಬಂಡೆಯ ಮೇಲೆ ಝಾಡಿಸಿದೆ. ಅವು ಒಣಗುವ ತನಕ ಅಲ್ಲೇ ಕೂತು ನೋಡಿದೆ. ಆಮೇಲೆ ಕೊಡ ಹೊತ್ತುಕೊಂಡು ಮನೆಗೆ ಬಂದೆ.