ಅಣ್ಣ ಕೆಳಗೆ, ತಮ್ಮ ಮೇಲೆ

ಮೊನ್ನೆ ನಮ್ಮ ಆಫೀಸಿನಲ್ಲಿ ಮನೆಗಳ ನಕಾಶೆ ಬರೆಯುವ ಶ್ರದ್ಧಾ ಕಂಪ್ಯೂಟರಿನಿಂದ ಕಣ್ಣು ಕೀಳದೆ, "ಮ್ಯಾಡಂ, ಮ್ಯಾಲಿನ ಮಜಲಾ ಬಂದ್ ಮಾಡ್ಲೇನ್ರಿ?" ಎಂದು ಕೇಳಿದಳು, ಫ್ಯಾನು ಬಂದ್ ಮಾಡ್ಲೇನ್ರಿ ಅನ್ನುವ ಧಾಟಿಯಲ್ಲೇ. ಮಜಲಾ ಅಂದರೆ ಅಂತಸ್ತು; ನಮ್ಮ ಸೊಲ್ಲಾಪುರದ ಕನ್ನಡ ಮರಾಠಿಯಿಂದ ತಂದುಕೊಂಡು ತನ್ನದೇ ಅನ್ನುವ ಹಾಗೆ ಆಡುವ ಮಾತುಗಳಲ್ಲಿ ಅದೂ ಒಂದು. "ಮಾಡು" ಅಂದೆ. ಅವಳು ಬೆರಳೊತ್ತಿದಳು. ಮೇಲಿನ ಅಂತಸ್ತು ಮಾಯವಾಯಿತು. ಕೈಯಲ್ಲಿ ಚಹಾ ಹಿಡಿದಿದ್ದ ನನಗೆ ಅಕ್ಕಲಕೋಟೆಯ ಒಂದು ಮನೆ ನೆನಪಾಯಿತು, ಚಹಾ ಆರಿಯೇ ಹೋಯಿತು.

ಅದು ತೊಂಬತ್ತರ ದಶಕದ ನಡುವಿನ ಮಾತು. ಡಿಪ್ಲೊಮಾ ಮುಗಿಸಿದ ನಾನು ದಿನಾ ನಮ್ಮೂರು ಕುಂಭಾರಿಯಿಂದ ಎಸ್.ಟಿ. ಬಸ್ಸು ಹಿಡಿದು ಸೊಲ್ಲಾಪುರದ ಒಬ್ಬ ಆರ್ಕಿಟೆಕ್ಟರ ಆಫೀಸಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅವರನ್ನು ಎಲ್ಲರೂ ಸರ್ ಅನ್ನುತ್ತಿದ್ದರು. ಇಲ್ಲಿಯೂ ಹಾಗೇ ಇರಲಿ. ಆಗಷ್ಟೇ ಆಫೀಸಿಗೆ ಕಂಪ್ಯೂಟರು ಬಂದಿತ್ತು. ಅದರ ಕೋಣೆಗೆ ಚಪ್ಪಲಿ ಕಳಚಿಯೇ ಹೋಗಬೇಕು. ಸಂಜೆ ಅದರ ಮೇಲೊಂದು ಸೊಲ್ಲಾಪುರಿ ಚಾದರ ಹೊದಿಸಬೇಕು, ಅದಕ್ಕೆಲ್ಲಿ ಚಳಿಯಾದೀತೋ ಎಂಬಂತೆ. ಸರ್ ಅದನ್ನು ಮುಟ್ಟುತ್ತಿರಲಿಲ್ಲ. "ನಿನ್ನ ಕೈ ಇನ್ನಾ ಹೊಸಾದು, ಹೊಸ ಮಶೀನ್ ನೀನ ಕಲಿ," ಎಂದು ನನ್ನನ್ನು ಅದರ ಮುಂದೆ ಕೂರಿಸಿದ್ದರು.

ಅದಕ್ಕೂ ಮೊದಲು ನಾವು ಪಾರದರ್ಶಕ ಕಾಗದದ ಮೇಲೆ ಒಂದೊಂದು ಅಂತಸ್ತು ಬರೆದು, ಒಂದರ ಮೇಲೊಂದು ಹಾಸಿ, ಕೆಳಗಿನ ಕಂಬದ ನೆತ್ತಿಯ ಮೇಲೇ ಮೇಲಿನ ಕಂಬ ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಕಂಪ್ಯೂಟರಿನಲ್ಲಿ ಕಾಗದದ ಬದಲು ಪದರ. ಕೆಳಗಿನ ಅಂತಸ್ತಿಗೊಂದು, ಮೇಲಿನದಕ್ಕೊಂದು, ಎರಡಕ್ಕೂ ಸೇರಿದ ಕಂಬಗಳಿಗೆ ಮತ್ತೊಂದು. ಬೇಕಾದ್ದನ್ನು ತೆರೆಯುವುದು, ಬೇಡವಾದ್ದನ್ನು ಮುಚ್ಚುವುದು. ಹೇಳುವಾಗ ಎಷ್ಟು ಸುಲಭ ನೋಡಿ! ನಾನೋ, ಯಾವ ಪದರದ ಮೇಲೆ ಗೆರೆ ಎಳೆಯುತ್ತಿದ್ದೇನೆ ಎಂಬುದನ್ನೇ ಮರೆಯುತ್ತಿದ್ದೆ. ಒಮ್ಮೆ ಒಬ್ಬ ವಕೀಲರ ಮನೆಯ ಕೆಳಗಿನ ಬಚ್ಚಲನ್ನು ಮೇಲಿನ ಪದರದಲ್ಲಿ ಬರೆದುಬಿಟ್ಟೆ. ಮೇಲಿನದನ್ನು ಮುಚ್ಚಿದರೆ ಬಚ್ಚಲೂ ಮಾಯ. ಮಧ್ಯಾಹ್ನವೆಲ್ಲ ಹುಡುಕಿದೆ. ಸರ್ ಬಂದು ನೋಡಿ, "ವಕೀಲ್ ಸಾಹೇಬ್ರು ಜಳಕಾ ಎಲ್ಲಿ ಮಾಡ್ಬೇಕಂತ ಕೇಳಾಕತ್ತಾರವಾ," ಎಂದು ನಕ್ಕರು.

ಹೀಗೆ ಕಲಿಯುತ್ತಿದ್ದಾಗಲೇ ಅಕ್ಕಲಕೋಟೆಯಿಂದ ಶಿವಶರಣಪ್ಪ, ಬಸವರಾಜ ಎಂಬ ಅಣ್ಣತಮ್ಮಂದಿರು ಬಂದರು. ಬಂದರು ಅಂದೆನಲ್ಲ, ಕೂಡಿ ಬಂದರೆಂದು ತಿಳಿಯಬೇಡಿ. ಅಣ್ಣ ಬಂದ ದಿನ ತಮ್ಮ ಬರುತ್ತಿರಲಿಲ್ಲ. ಅಣ್ಣ ತಹಶೀಲಿಯಲ್ಲಿ ಕಾರಕೂನರು; ತಮ್ಮ ಹೊಲ ನೋಡಿಕೊಂಡಿದ್ದರು. ಊರೊಳಗಿನ ಅವರ ಹಳೆಯ ಮಣ್ಣಿನ ಮಾಳಿಗೆಯ ಮನೆ ಮಳೆಗೆ ಗೋಡೆ ಬಿಟ್ಟು ಕುಸಿದಿತ್ತು. ಇಬ್ಬರೂ ಬೇರೆ ಬೇರೆ ಓಣಿಯಲ್ಲಿ ಬಾಡಿಗೆಗಿದ್ದರು. ಜಾಗವೋ ಬರೀ ಉದ್ದ, ಅಗಲವಿಲ್ಲ. ನಡುವೆ ಗೋಡೆ ಎಬ್ಬಿಸಿದರೆ ಇಬ್ಬರಿಗೂ ಮನೆಯ ಬದಲು ಓಣಿ ಸಿಗುತ್ತಿತ್ತು. ಅದಕ್ಕೆ ಬಳಗದ ಹಿರಿಯರು ಕೂತು, ಅಣ್ಣನಿಗೆ ಕೆಳಗಿನದು, ತಮ್ಮನಿಗೆ ಮೇಲಿನದು ಎಂದು ಗೊತ್ತುಮಾಡಿದ್ದರು.

"ನನ್ನ ಮನಿ ಅಷ್ಟ ತೋರಸವಾ," ಎನ್ನುತ್ತಿದ್ದರು ಶಿವಶರಣಪ್ಪ.

"ಕೆಳಗಿಂದು ನನಗ್ಯಾಕ ಬೇಕ್ರಿ ಬಾಯಾರ? ಮ್ಯಾಲಿಂದಷ್ಟ ತಗೀರಿ. ಮತ್ತ ಪಾವಟಿಗಿ ಹೊರಗಿಂದ, ಓಣಿ ಕಡಿಂದ ಆಗ್ಬೇಕು," ಎನ್ನುತ್ತಿದ್ದರು ಬಸವರಾಜ. ಮೆಟ್ಟಿಲು ಹತ್ತುವಾಗಲೂ ಅಣ್ಣನ ಅಂಗಳ ಕಣ್ಣಿಗೆ ಬೀಳಬಾರದು, ಅಷ್ಟೇ.

ನಾನು ಪದರಗಳಿಗೆ 'ಅಣ್ಣ', 'ತಮ್ಮ' ಎಂದೇ ಹೆಸರಿಟ್ಟೆ. ಒಬ್ಬರು ಬರುವ ಮೊದಲು ಇನ್ನೊಬ್ಬರ ಪದರ ಮುಚ್ಚಿಡುವುದೂ ನನ್ನ ನೌಕರಿಯ ಭಾಗವಾಯಿತು. ಒಮ್ಮೆ ಮರೆತೆ. ತಮ್ಮನ ಪಡಸಾಲೆಯ ಹಸಿರು ಗೆರೆಗಳು ತೆರೆಯ ಮೇಲೆ ಕಂಡವೋ ಇಲ್ಲವೋ, ಶಿವಶರಣಪ್ಪ ಮುಖ ತಿರುಗಿಸಿ, ನಾನು ಅದನ್ನು ಮುಚ್ಚುವ ತನಕ ಕಿಟಕಿಯ ಹೊರಗಿನ ರಿಕ್ಷಾಗಳನ್ನು ನೋಡುತ್ತ ಕೂತರು.

ಮಾರ್ಕೆಟ್ ದಿನ ಒಮ್ಮೆ ಇಬ್ಬರು ಹೆಂಗಸರು ಟವೆಲ್ಲು, ಚಾದರ ತುಂಬಿದ ಚೀಲ ಹಿಡಿದು ಆಫೀಸಿಗೆ ಬಂದರು. ಒಬ್ಬರು ದೊಡ್ಡ ಕುಂಕುಮದ, ಗಟ್ಟಿ ದನಿಯ ಗುರುಬಾಯಿ, ಶಿವಶರಣಪ್ಪನವರ ಹೆಂಡತಿ. ಇನ್ನೊಬ್ಬರು ಸುವರ್ಣಾ, ಬಸವರಾಜರ ಹೆಂಡತಿ. ನೆಗೆಣ್ಣಿಯರು ಕೂಡಿ ಬಂದದ್ದು ಕಂಡು ನನಗೆ ಯಾರ ಪದರ ಮುಚ್ಚಬೇಕೋ ತಿಳಿಯಲಿಲ್ಲ.

"ಎರಡೂ ತಗೀವಾ," ಅಂದರು ಗುರುಬಾಯಿ. "ನಾವೇನು ಜಗಳಾಡಿಲ್ಲ."

ಎರಡನ್ನೂ ತೆರೆದೆ. ಬಿಳಿ ಗೆರೆಯ ಮೇಲೆ ಹಸಿರು ಗೆರೆ ಕೂತಿತು. ನೀರಿನ ಪೈಪು ಒಂದೇ ಸಾಲಿನಲ್ಲಿ ಬರಲೆಂದು ಸರ್ ಎರಡು ಅಡಿಗೆಮನೆಗಳನ್ನೂ ಒಂದರ ಮೇಲೊಂದು ಇಟ್ಟಿದ್ದರು. ಸುವರ್ಣಾ ಹತ್ತಿರ ಬಗ್ಗಿ, "ಅಕ್ಕಾ, ನೋಡಿಲ್ಲೆ. ನಿಮ್ಮ ಒಲಿ ಮ್ಯಾಲ ನನ್ನ ಒಲಿ," ಅಂದರು.

ಗುರುಬಾಯಿ ಬಹಳ ಹೊತ್ತು ನೋಡಿದರು. "ನಾ ಕೆಳಗ ರೊಟ್ಟಿ ಬಡದ್ರ ಆಕಿಗೆ ಕೇಳಸ್ತದೇನವಾ?"

"ಇಲ್ರೀ. ನಡುವ ಸ್ಲ್ಯಾಬ್ ಬರ್ತದ."

"ಆಕಿ ಕರದ್ರ ನನಗ?"

ಅದಕ್ಕೂ ಇಲ್ಲವೆಂದೆ. ಗೋಡೆ ಬೀಳುವ ತನಕ ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ಅಕ್ಕಪಕ್ಕ ಕೂತು ರೊಟ್ಟಿ ಬಡಿದವರಂತೆ. ಗಂಡಂದಿರ ಮಾತು ನಿಂತ ಮೇಲೂ ಅವರ ಮಾತು ನಿಂತಿರಲಿಲ್ಲ. ಈಗ ಬೇರೆ ಬೇರೆ ಬಾಡಿಗೆ ಮನೆ; ನೀರಿಗೆ ಹೋದಲ್ಲಿ, ಸಂತೆಯಲ್ಲಿ ಕಂಡಾಗ ಅಷ್ಟಿಷ್ಟು. ಹೊಸ ಮನೆ ಆದರೆ ಸರಿಹೋದೀತು ಎಂದುಕೊಂಡಿದ್ದರು. ಸರಿಹೋಗುವುದಿಲ್ಲ ಎಂದು ಆ ಗೆರೆಗಳೇ ಹೇಳುತ್ತಿದ್ದವು.

"ಹಳೀ ಮಾಳಗಿಗೆ ನೆತ್ತಿ ಮ್ಯಾಲ ಬೆಳಕಿಂಡಿ ಇರ್ತಿತ್ತಲಾ," ಅಂದರು ಗುರುಬಾಯಿ. "ಅಂಥಾದೊಂದು ಇಬ್ಬರ ಅಡಗಿಮನಿ ನಡುವ ಬಿಡಾಕ ಬರೂದಿಲ್ಲೇನು? ಒಂದು ಬುಟ್ಟಿ ಇಳ್ಯೂವಷ್ಟು?"

ಸಂಜೆ ಮೂವರೂ ಒಂದೇ ಎಸ್.ಟಿ.ಯಲ್ಲಿ ಕೂತೆವು, ಕುಂಭಾರಿ ಅವರ ದಾರಿಯಲ್ಲೇ ಬರುತ್ತದಲ್ಲ. ಜಗಳದ ಮೂಲ ಸುವರ್ಣಾ ಹೇಳಿದರು. ಕೆಲವು ವರ್ಷಗಳ ಹಿಂದೆ ಮನೆಯ ಒಬ್ಬಳೇ ತಂಗಿಯ ಮದುವೆ. ಮೈಂದರ್ಗಿಯಿಂದ ಹೂವು ತರಲು ಹೋದ ಬಸವರಾಜರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮುಹೂರ್ತ ಮೀರುತ್ತದೆಂದು ಅಣ್ಣ ಅಕ್ಷತೆ ಹಾಕಿಸಿದರು. ತಮ್ಮ ಓಡುತ್ತ ಬಂದಾಗ ಜನ ಊಟಕ್ಕೆ ಕೂತಿದ್ದರು. "ಹೂವಿನ ಬುಟ್ಟಿ ಅಲ್ಲೇ ಇಟ್ರು ನೋಡ್ರಿ. ಆವತ್ತಿಂದ ಅಣ್ಣ ಅನ್ನೂ ಶಬ್ದ ಅವರ ಬಾಯಾಗ ಬಂದಿಲ್ಲ." ಗುರುಬಾಯಿ ಕಿಟಕಿಯ ಹೊರಗೆ ನೋಡುತ್ತ, "ಇವರೂ ಆವತ್ತು ಉಂಡಿಲ್ಲ. ಅದನ್ನ ಯಾರಿಗೂ ಹೇಳೂದಿಲ್ಲ, ನನಗೂ ಹೇಳಗೊಡೂದಿಲ್ಲ," ಅಂದರು. ನಾನು ನನ್ನ ಸ್ಟಾಪಿನಲ್ಲಿ ಇಳಿದೆ. ಬಸ್ಸು ಮುಂದೆ ಹೋಯಿತು.

ಮರುದಿನ ಸರ್‌ಗೆ ಎಲ್ಲ ಹೇಳಿದೆ. ಎರಡು ಅಡಿಗೆಮನೆಗಳ ನಡುವಿನ ಕಿಂಡಿಗೆಂದು ನಾನು ಬರೆದಿದ್ದ ಚೌಕವನ್ನು ನೋಡುತ್ತ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗಿರಾಕಿ ಕೈ ಬಿಟ್ಟು ಹೋಗ್ತಾರ, ಗೊತ್ತದ ಏನು?" ಅಂದರು. ಆಮೇಲೆ, "ಎರಡೂ ಮಜಲಾದಾಗ ಚಂದಾಗಿ ತೋರಸು. ಕೇಳಿದ್ರ ಸುಳ್ಳ ಮಾತ್ರ ಹೇಳಬ್ಯಾಡ." ಅಣ್ಣನ ನಕಾಶೆಯಲ್ಲಿ, ಅದು ನೆತ್ತಿಯ ಮೇಲೆ ಬರುವುದರಿಂದ, ಚುಕ್ಕೆ ಗೆರೆಯಿಂದ; ತಮ್ಮನದರಲ್ಲಿ, ಕಾಲಡಿಗೆ ಬರುವುದರಿಂದ, ದಪ್ಪ ಗೆರೆಯಿಂದ ಬರೆದೆ. ಇಬ್ಬರೂ ಬಂದರು, ನೋಡಿದರು, ಸಹಿ ಹಾಕಿದರು. ಕೇಳಲಿಲ್ಲ. ತಂತಮ್ಮ ಮನೆಯನ್ನಷ್ಟೇ ನೋಡುವವರಿಗೆ ಆ ಚೌಕ ಒಂದು ಸಾಮಾನ್ಯ ಚೌಕವಾಗಿ ಕಂಡಿರಬೇಕು.

ಸ್ಲ್ಯಾಬ್ ಹಾಕುವ ದಿನ ಸರ್ ಜೊತೆ ನಾನೂ ಅಕ್ಕಲಕೋಟೆಗೆ ಹೋದೆ. ಹಲಗೆ ಬಡಿದು, ಸರಳು ಕಟ್ಟಿಯಾಗಿತ್ತು. ಬಸವರಾಜ ಮೇಲೆ ಸರಳುಗಳ ನಡುವೆ ನಿಂತಿದ್ದರು. ಶಿವಶರಣಪ್ಪ ಕೆಳಗೆ ಆಧಾರದ ಕಂಬಗಳ ನಡುವೆ ಸುತ್ತುತ್ತಿದ್ದವರು ತಟ್ಟನೆ ನಿಂತು ತಲೆಯೆತ್ತಿದರು. ಗಾರೆ ಕೆಲಸದ ಗೌಂಡಿ ಬಿಟ್ಟಿದ್ದ ಚೌಕದಲ್ಲಿ ಆಕಾಶ ಕಾಣುತ್ತಿತ್ತು, ಆಕಾಶಕ್ಕೆ ಅಡ್ಡವಾಗಿ ತಮ್ಮನ ಕಾಲು.

"ಇದೇನ್ರಿ ತೂತು? ಮುಚ್ಚಸ್ರಿ!"

ಮೇಲಿನಿಂದ ಬಸವರಾಜರೂ ಸರ್‌ಗೆ ಕೂಗಿದರು: "ಸರ್, ಮುಚ್ಚರಿ ಅದನ್ನ. ಯಾರ ಮನಿ ಹೊಗಿ ಯಾರು ಕುಡ್ಯೂದು?"

"ಮ್ಯಾಲ ನಿಂತಾವಗ ಹೇಳ್ರಿ, ನಾ ಮೊದಲ ಹೇಳೀನಿ ಮುಚ್ಚಾಕ!"

ಅಷ್ಟು ವರ್ಷಗಳಲ್ಲಿ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲಿರಬೇಕು. ನಗು ಬರಲಿಲ್ಲ ನನಗೆ. ಸರ್ ನನ್ನ ಕಡೆ ನೋಡಿದರು. "ನಾನ ಬರದೀನ್ರಿ," ಅಂದೆ.

"ನಾ ಬರಸೀನಿ," ಅಂದರು ಗುರುಬಾಯಿ. ಕೂಲಿಯವರಿಗೆ ಚಹಾ ಕೊಡುತ್ತಿದ್ದವರು ಕಿಟ್ಲಿಯನ್ನು ಕೆಳಗಿಟ್ಟರು. "ಮಾತು ಬಿಟ್ಟವರು ನೀವು. ನಾವು ಬಿಟ್ಟಿಲ್ಲ. ನಿಮ್ಮ ನಡುವ ಸ್ಲ್ಯಾಬ್ ಹಾಕ್ಕೋರಿ, ನಮ್ಮ ನಡುವ ಯಾಕ?"

ಸುವರ್ಣಾ ಅವರ ಪಕ್ಕಕ್ಕೆ ಬಂದು ನಿಂತರು, ಸೊಂಟದ ಹತ್ತಿರ ಮಗಳು ಪೂಜಾ ಸೆರಗು ಹಿಡಿದಿದ್ದಳು. ಕಲಸಿದ ಕಾಂಕ್ರೀಟು ಕಾಯುತ್ತಿತ್ತು, ಗೌಂಡಿಗೆ ಅದರದೇ ಚಿಂತೆ. ಶಿವಶರಣಪ್ಪ ಚೌಕದ ಕಡೆ ನೋಡಿದರು, ಆಮೇಲೆ ಆ ಹುಡುಗಿಯ ಕಡೆ. ಮತ್ತೆ ಚೌಕದ ಕಡೆ. ಕೊನೆಗೆ ಗೌಂಡಿಗೆ ಹೇಳಿದರು:

"ಹಂಗ ಬಿಟ್ರ ಹೆಂಗ? ಮ್ಯಾಲ ಸಣ್ಣ ಹುಡುಗಿ ಇರ್ತದ. ಆಡ್ತ ಆಡ್ತ ಬಿದ್ದಗಿದ್ದೀತು. ಸುತ್ತ ಒಂದು ಕಟ್ಟಿ ಕಟ್ಟು."

ಮೇಲೆ ಸರಳಿನ ಸದ್ದು ನಿಂತಿತು. ಬಸವರಾಜ ಮೊಣಕಾಲೂರಿ ಕೂತು ಚೌಕದೊಳಗೆ ಬಗ್ಗಿದರು. ಬಿಸಿಲು ಬೆನ್ನಿಗಿದ್ದುದರಿಂದ ಮುಖ ನಮಗೆ ಕಾಣುತ್ತಿರಲಿಲ್ಲ.

"ಎಷ್ಟು ಎತ್ತರ ಕಟ್ಟೂಣು, ಅಣ್ಣಾ?"

ಶಿವಶರಣಪ್ಪ ಕೈಯನ್ನು ಗಾಳಿಯಲ್ಲಿ ಒಮ್ಮೆ ಸೊಂಟಕ್ಕೆ, ಒಮ್ಮೆ ಎದೆಗೆ ಹಿಡಿದರು. "ಹುಡುಗಿ ಈಗ ಎಷ್ಟು ಎತ್ತರ ಆಗ್ಯಾಳೋ, ಮನಿ ಬಿದ್ದಮ್ಯಾಲ ನಾ ಎಲ್ಲಿ ಹತ್ರ ನಿಂತ ನೋಡೀನಿ," ಅಂದರು.

"ಪೂಜಾ, ದೊಡ್ಡಪ್ಪನ ಹತ್ರ ಹೋಗು," ಮೇಲಿನಿಂದ ದನಿ ಬಂತು. ಹುಡುಗಿ ಹೋಗಿ ನಿಂತಳು. ಶಿವಶರಣಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಅಳತೆ ನೋಡಿದರು. ಅಳತೆ ಆದ ಮೇಲೂ ಕೈ ಅಲ್ಲೇ ಇತ್ತು. ಸರ್ ಗೌಂಡಿಗೆ, "ಹೂಂ, ಸುರುವು ಮತ್ತ," ಅಂದರು.

ಬರೆದ ಮನೆಯನ್ನು ಮತ್ತೆ ಹೋಗಿ ನೋಡುವ ಅಭ್ಯಾಸ ನನಗಿಲ್ಲ. ಜನ ಅದರಲ್ಲಿ ಏನೇನು ಕೆಡಿಸಿಕೊಂಡಿರುತ್ತಾರೋ ಎಂಬ ಅಂಜಿಕೆ, ಒಂದಿಷ್ಟು ಜಂಭವೂ ಇರಬೇಕು. ಆದರೆ ಈ ರವಿವಾರ ಕಾಲು ಸುಮ್ಮನಿರಲಿಲ್ಲ. ಅಕ್ಕಲಕೋಟೆಯ ಆ ಓಣಿಗೆ ಹೋದೆ. ಬಾಗಿಲು ತೆರೆದವರು ಸುವರ್ಣಾ. ಕೆಳಗಿನ ಬಾಗಿಲನ್ನು, ಸ್ವಂತ ಬಾಗಿಲು ತೆರೆದ ಹಾಗೆ. ಕೂದಲು ಬೆಳ್ಳಗಾಗಿದೆ. ಗುರುತು ಹಿಡಿದು ಕೈ ಹಿಡಿದೇ ಒಳಗೆ ಕರೆದೊಯ್ದರು.

ಅಡಿಗೆಮನೆಯಲ್ಲಿ ಕಿಂಡಿ ಇರಲಿಲ್ಲ. ಅದನ್ನು ಒಡೆದು ದೊಡ್ಡದು ಮಾಡಿ ಕಬ್ಬಿಣದ ಮೆಟ್ಟಿಲು ನಿಲ್ಲಿಸಿದ್ದರು. ತೊಲೆಗೆ ಪೆಟ್ಟು ಬಿದ್ದಿದೆಯೋ ಎಂದು ನಾನು ತಲೆಯೆತ್ತಿ ಮೂಲೆ ಮೂಲೆ ನೋಡಿದೆ, ಇಲ್ಲ. ಒಂದು ಮೆಟ್ಟಿಲಿನ ಎತ್ತರ ಇನ್ನೊಂದಕ್ಕೆ ಕೂಡುವುದಿಲ್ಲ. ನನ್ನ ಕೈಕೆಳಗಿನವರು ಹೀಗೆ ಬರೆದಿದ್ದರೆ ಹರಿದು ಹಾಕುತ್ತಿದ್ದೆ.

"ಯಾರನ್ನೂ ಕೇಳಲಿಲ್ಲೇನ್ರಿ?" ಅಂದೆ, ಸ್ವಲ್ಪ ಮುನಿಸಿನಿಂದಲೇ.

"ಹೊರಗಿಂದ ಸುತ್ತ ಹಾಕಿ ಬರೂದು ಇಬ್ಬರಿಗೂ ಬ್ಯಾಸರಾತು," ಗುರುಬಾಯಿ ಒಲೆಯ ಮುಂದಿನಿಂದ ಅಂದರು. "ಅಣ್ಣತಮ್ಮ ಕೂಡೇ ಒಡದ್ರು. ಭಾಳ ವರ್ಷಾತು. ಪೂಜಾ ಈಗ ಸಾಲಿ ಟೀಚರ್, ಆಕಿನೂ ಇದರಾಗಿಂದನ ಇಳದು ಹೋಗ್ತಾಳ. ಹತ್ತು ಹತ್ತು, ಇಬ್ಬರೂ ಮ್ಯಾಲೇ ಅದಾರ."

ಹತ್ತಿದೆ. ಎಡವಿದೆ ಕೂಡ. ಮೇಲೆ ಅಣ್ಣತಮ್ಮ ಇಬ್ಬರೂ ಒಂದೇ ಬಾಜಿನ ಮೇಲೆ, ಅಂದರೆ ಹಗ್ಗದ ಮಂಚದ ಮೇಲೆ, ಕೂತು ಈ ಸಲ ಹೊಲಕ್ಕೆ ತೊಗರಿಯೋ ಜೋಳವೋ ಎಂದು ದೊಡ್ಡ ದನಿಯಲ್ಲಿ ಜಗಳಾಡುತ್ತಿದ್ದರು. ನಾನು ಯಾರೆಂದು ಹೇಳುವ ಮೊದಲೇ ನನ್ನನ್ನು ನ್ಯಾಯ ಹೇಳುವ ಪಂಚರನ್ನಾಗಿ ಮಾಡಿದರು. ಇಬ್ಬರೂ ಆಚೀಚೆ ಸರಿದು ಜಾಗ ಮಾಡಿದ್ದಕ್ಕೆ ನಡುವೆ ಕೂತೆ. ಜೋಳ ಅಂದೆ, ತಮ್ಮ ಗೆದ್ದರು, ಅಣ್ಣ ಒಪ್ಪಲಿಲ್ಲ. ಊಟ ಮುಗಿಯುವ ತನಕ ಆ ಚರ್ಚೆ ನಡೆದೇ ಇತ್ತು.

ಮುಂದಿನ ರವಿವಾರ ಮೈಂದರ್ಗಿಗೆ ಹೋಗಬೇಕೆಂದಿದ್ದೇನೆ. ಅಲ್ಲಿಯೂ ನಾನು ಬರೆದದ್ದೊಂದು ಮನೆಯಿದೆ. ಅದನ್ನು ಆ ಮನೆಯವರು ಏನು ಮಾಡಿಕೊಂಡಿದ್ದಾರೋ, ನೋಡುವ ಆಸೆಯಾಗಿದೆ.